ಕೈ ಮೇಲೆ ಪೆನ್ನಿನ ಗೆರೆ: ತುರಿಕೆ, ದದ್ದು ಮತ್ತು ಅಲರ್ಜಿ ಮಾತ್ರೆ

ಈ ಕ್ಲಿಪ್ ತೆಗೆದಾಗ ರಾತ್ರಿ ಎರಡೂವರೆ. ನನ್ನ ಎಡಗೈ ನೋಡಿ. ಮೊಣಕೈಯಿಂದ ಮಣಿಕಟ್ಟಿನ ತನಕ ದದ್ದು ಎದ್ದಿವೆ. ನಡುವೆ ಬೆಳ್ಳಗೆ, ಸುತ್ತ ಕೆಂಪಗೆ. ಒಂದೊಂದು ಐದು ರೂಪಾಯಿ ನಾಣ್ಯದಷ್ಟಿದೆ. ಇಲ್ಲಿ ನೋಡಿ, ಮೂರು ನಾಲ್ಕು ಸೇರಿ ಒಂದೇ ದೊಡ್ಡ ಗಾದರಿ ಆಗಿದೆ. ತುರಿಕೆ ಎಷ್ಟಿತ್ತು ಅಂದರೆ ಚಾಪೆ ಮೇಲೆ ಒಂದು ನಿಮಿಷ ಮಲಗೋಕೆ ಆಗಲಿಲ್ಲ.

ನಮ್ಮೂರು ಪಾಂಡವಪುರದ ಹತ್ತಿರ. ಕೆಲಸ ಮೈಸೂರಿನಲ್ಲಿ. ಭಾನುವಾರ ಅಂತ ಊರಿಗೆ ಬಂದಿದ್ದೆ. ಅವ್ವ ಎದ್ದು ಬಂದು ಕೈ ಹಿಡಿದು ನೋಡಿದಳು. "ಪಿತ್ತದ ಗಂಧೆ ಕಣವ್ವ. ಇರು, ಕಂಬಳೀಲಿ ಉಜ್ತೀನಿ" ಅಂದಳು. ಉಜ್ಜಿಸಿಕೊಂಡೆ. ಉಜ್ಜುವಾಗ ಹಾಯ್ ಅನ್ನಿಸಿತು. ಹತ್ತು ನಿಮಿಷದಲ್ಲಿ ಇನ್ನೂ ಹತ್ತು ಕಡೆ ಎದ್ದವು. ಅವ್ವನ ಪ್ರೀತಿ ದೊಡ್ಡದು, ಆದರೆ ಚರ್ಮ ಉಜ್ಜಿದಷ್ಟೂ, ಬಿಸಿಯಾದಷ್ಟೂ ಈ ದದ್ದು ಜಾಸ್ತಿ ಆಗುತ್ತದೆ. ತಣ್ಣೀರಿನ ಬಟ್ಟೆ ಹಾಕಿದರೆ ಎಷ್ಟೋ ಮೇಲು.

ಆಮೇಲೆ ಅವ್ವ ಡಬ್ಬಿ ತಂದಳು. ಹಳೇ ಬಿಸ್ಕತ್ ಡಬ್ಬಿ. ನಿಮ್ಮ ಮನೆಯಲ್ಲೂ ಇರುತ್ತೆ ಅಲ್ವಾ? ಅರ್ಧ ಕತ್ತರಿಸಿದ ಶೀಟುಗಳು, ಹೆಸರು ಹರಿದುಹೋದ ಮಾತ್ರೆಗಳು. ಅದರಲ್ಲಿ ಒಂದು ಪುಟ್ಟ ಅಲರ್ಜಿ ಮಾತ್ರೆ ಸಿಕ್ಕಿತು, ಕ್ಲೋರ್‌ಫೆನಿರಮಿನ್. ನುಂಗಿ ಮಲಗಿದೆ. ಗಂಟೆ ಕಳೆಯುವಷ್ಟರಲ್ಲಿ ತುರಿಕೆ ಇಳಿಯಿತು, ನಿದ್ದೆ ಬಂತು.

ಬೆಳಗ್ಗೆ ಏಳೂವರೆಗೆ ಸ್ಕೂಟಿ ಹತ್ತಿದೆ. ಶ್ರೀರಂಗಪಟ್ಟಣ ದಾಟುವಾಗ ಕಣ್ಣು ಮುಚ್ಚಿಹೋಯಿತು. ಎಷ್ಟು ಹೊತ್ತು ಅಂತ ಗೊತ್ತಿಲ್ಲ, ಒಂದು ಕ್ಷಣವೇ ಇರಬಹುದು. ಕಣ್ಣು ಬಿಟ್ಟಾಗ ರಸ್ತೆಯ ಅಂಚಿನ ಮಣ್ಣಿನಲ್ಲಿ ಹೋಗುತ್ತಿದ್ದೆ. ಗಾಡಿ ನಿಲ್ಲಿಸಿ ಅಲ್ಲೇ ಕಲ್ಲಿನ ಮೇಲೆ ಕೂತೆ. ಕೈಕಾಲು ನಡುಗುತ್ತಿದ್ದವು. ಈ ವಿಡಿಯೋ ಮಾಡಬೇಕು ಅನ್ನಿಸಿದ್ದು ಆ ಕಲ್ಲಿನ ಮೇಲೆ ಕೂತಾಗಲೇ.

ಏನಾಗಿತ್ತು ಅಂತ ಮೈಸೂರಿನಲ್ಲಿ ಡಾಕ್ಟರಮ್ಮ ಬಿಡಿಸಿ ಹೇಳಿದರು. ಎರಡು ದಿನದಿಂದ ನನಗೆ ನೆಗಡಿ ಇತ್ತು. ಮೆಡಿಕಲ್‌ನಲ್ಲಿ ಕೇಳಿ ತಂದ ನೆಗಡಿ ಮಾತ್ರೆಯನ್ನು ಆ ರಾತ್ರಿ ಊಟ ಆದಮೇಲೆ ತೆಗೆದುಕೊಂಡಿದ್ದೆ. ಅವರು ಆ ಶೀಟು ತಿರುಗಿಸಿ, ಹಿಂದೆ ಸಣ್ಣ ಅಕ್ಷರದಲ್ಲಿ ಇದ್ದದ್ದನ್ನು ಓದಿಸಿದರು. ಅದರಲ್ಲೂ ಕ್ಲೋರ್‌ಫೆನಿರಮಿನ್! ಒಂದೇ ರಾತ್ರಿ ಎರಡು ಸಲ ಅದೇ ಔಷಧ ನುಂಗಿದ್ದೆ. ಅದೂ ಒಂದು ದಿನದ ತನಕ ಮೈಯಲ್ಲಿ ಉಳಿಯುವಂಥದ್ದು. ದಯವಿಟ್ಟು ಈಗಲೇ ಹೋಗಿ ನಿಮ್ಮ ಮನೆಯ ನೆಗಡಿ ಮಾತ್ರೆಯ ಹಿಂಭಾಗ ಓದಿ. ಕ್ಲೋರ್‌ಫೆನಿರಮಿನ್, ಸೆಟಿರಿಜಿನ್, ಲಿವೊಸೆಟಿರಿಜಿನ್, ಇದರಲ್ಲಿ ಯಾವುದಿದ್ದರೂ ಅದರ ಜೊತೆಗೆ ಬೇರೆ ಅಲರ್ಜಿ ಮಾತ್ರೆ ಸೇರಿಸಬೇಡಿ.

ದದ್ದು ಏಳೋದು ಹೇಗೆ ಅಂತಲೂ ಕೇಳಿದೆ. ಚರ್ಮದಲ್ಲಿ ಮಾಸ್ಟ್ ಕೋಶಗಳು ಅಂತ ಇವೆ. ಹಿಸ್ಟಮಿನ್ ಅನ್ನುವ ವಸ್ತುವನ್ನು ತುಂಬಿಟ್ಟುಕೊಂಡಿರುತ್ತವೆ. ಅಲರ್ಜಿ ಕೆರಳಿದಾಗ ಅದನ್ನು ಹೊರಗೆ ಬಿಡುತ್ತವೆ. ಅದು ಸಣ್ಣ ರಕ್ತನಾಳಗಳಿಗೆ ತಾಗಿದರೆ ನೀರು ಒಸರಿ ಚರ್ಮ ಉಬ್ಬುತ್ತದೆ. ನರದ ತುದಿಗೆ ತಾಗಿದರೆ ತುರಿಕೆ. ಮೂಗಿನಲ್ಲಾದರೆ ಸೀನು, ಸೋರಿಕೆ. ಹಿಸ್ಟಮಿನ್‌ಗೆ ಕೂರೋಕೆ ಒಂದು ಜಾಗ ಬೇಕು. ಬಸ್ ಬರುತ್ತಿದ್ದ ಹಾಗೆ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕುತ್ತೇವಲ್ಲ, ಮಾತ್ರೆ ಮಾಡುವುದು ಅದನ್ನೇ. ಮೊದಲೇ ಹೋಗಿ ಜಾಗ ಹಿಡಿಯುತ್ತದೆ. ಆಗಲೇ ಎದ್ದ ದದ್ದನ್ನು ಅದು ತಕ್ಷಣ ಅಳಿಸಲಾರದು. ಅದಕ್ಕೇ ದಿನಾ ಏಳುತ್ತಿದ್ದರೆ, ಎದ್ದಮೇಲೆ ನುಂಗೋದಕ್ಕಿಂತ ಡಾಕ್ಟರು ಹೇಳಿದಷ್ಟು ದಿನ ಒಂದೇ ಹೊತ್ತಿಗೆ ತೆಗೆದುಕೊಳ್ಳೋದು ಸರಿ.

ಈ ದಾರಿಯನ್ನು 1937ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಡೇನಿಯಲ್ ಬೊವೆ ತೋರಿಸಿಕೊಟ್ಟರು. 1957ರಲ್ಲಿ ಅವರಿಗೆ ನೊಬೆಲ್ ಬಂತು.

ಹಳೇ ತಲೆಮಾರಿನ ಮಾತ್ರೆಗಳು, ಅಂದರೆ ಕ್ಲೋರ್‌ಫೆನಿರಮಿನ್, ಏವಿಲ್‌ನಲ್ಲಿರುವ ಫೆನಿರಮಿನ್, ಹೈಡ್ರಾಕ್ಸಿಜಿನ್, ಮೆದುಳಿನೊಳಗೂ ಹೋಗುತ್ತವೆ. ನಿದ್ದೆ, ಮಂಪರು ಅದರಿಂದಲೇ. ಬಾಯಿಯೂ ಒಣಗುತ್ತದೆ. ಪ್ರಾಸ್ಟೇಟ್ ತೊಂದರೆ ಇರುವ ತಾತಂದಿರಿಗೆ ಮೂತ್ರ ಕಟ್ಟಬಹುದು. ಆಮೇಲೆ ಬಂದ ಸೆಟಿರಿಜಿನ್, ಲೊರಾಟಡಿನ್, ಫೆಕ್ಸೊಫೆನಡಿನ್ ಅಷ್ಟಾಗಿ ಮೆದುಳಿಗೆ ಹೋಗುವುದಿಲ್ಲ. ಆದರೂ ಸೆಟಿರಿಜಿನ್‌ನಿಂದ ಕೆಲವರಿಗೆ ತೂಕಡಿಕೆ ಬರುತ್ತದೆ. ಆಮೇಲೆ ನಾನು ತೆಗೆದುಕೊಂಡದ್ದು ಅದನ್ನೇ. ನನಗೆ ತೂಕಡಿಕೆ ಬಂತು, ಅದಕ್ಕೇ ರಾತ್ರಿ ತೆಗೆದುಕೊಂಡೆ. ಫೆಕ್ಸೊಫೆನಡಿನ್ ಕೊಟ್ಟಿದ್ದರೆ ನೀರಿನ ಜೊತೆ ನುಂಗಿ. ಕಿತ್ತಳೆ, ಸೇಬಿನ ಜ್ಯೂಸ್ ಜೊತೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಕಿಡ್ನಿ ತೊಂದರೆ ಇದ್ದವರು, ಬಸುರಿಯರು, ಹಾಲೂಡಿಸುವ ತಾಯಂದಿರು ಮೊದಲೇ ಡಾಕ್ಟರಿಗೆ ಹೇಳಬೇಕು. ಇನ್ನೊಂದು ಮಾತು. ದೂರ ಪ್ರಯಾಣದಲ್ಲಿ ಮಗು ಮಲಗಲಿ ಅಂತ ಅಲರ್ಜಿ ಸಿರಪ್ ಕುಡಿಸುವವರನ್ನು ನಾನೇ ನೋಡಿದ್ದೇನೆ. ಬೇಡ. ಕೈಮುಗಿದು ಕೇಳುತ್ತೇನೆ, ಬೇಡ.

ಈಗ ಈ ಫೋಟೋ ನೋಡಿ. ಡಾಕ್ಟರಮ್ಮ ನೀಲಿ ಬಾಲ್‌ಪೆನ್ ತೆಗೆದು ಒಂದು ದದ್ದಿನ ಸುತ್ತ ಗೆರೆ ಎಳೆದರು. ಪಕ್ಕದಲ್ಲಿ "11.20" ಅಂತ ಬರೆದರು. "ನಾಳೆ ಇಷ್ಟು ಹೊತ್ತಿಗೆ ಗೆರೆ ಒಳಗೆ ಏನೂ ಇರಬಾರದು. ಬೇರೆ ಕಡೆ ಹೊಸದು ಬಂದರೆ ಗಾಬರಿ ಬೀಳಬೇಡಮ್ಮ. ಇದೇ ಜಾಗದಲ್ಲಿ 24 ಗಂಟೆ ದಾಟಿ ನಿಂತರೆ, ನೋವು ಇದ್ದರೆ, ಕಂದು ಕಲೆ ಉಳಿದರೆ ಬಂದುಬಿಡು" ಅಂದರು. ಇದು ಮಾರನೇ ದಿನದ ಫೋಟೋ. ನೀಲಿ ಗೆರೆ ಹಾಗೇ ಇದೆ, ಒಳಗೆ ಚರ್ಮ ನುಣ್ಣಗಿದೆ. ಅಲ್ಲೊಂದು ದದ್ದು ಇತ್ತು ಅಂತ ಹೇಳೋಕೂ ಆಗಲ್ಲ. ನೆಗಡಿ ಜ್ವರದ ಬೆನ್ನಿಗೆ ಹೀಗೆ ಬರೋದು ಮಾಮೂಲಿ, ಎಷ್ಟೋ ಸಲ ಕಾರಣವೇ ಸಿಗಲ್ಲ ಅಂದರು. ನನ್ನದು ಒಂಬತ್ತು ದಿನಕ್ಕೆ ನಿಂತಿತು. ಆರು ವಾರ ದಾಟಿದರೆ ಅದರ ಲೆಕ್ಕ ಬೇರೆ, ಚಿಕಿತ್ಸೆಯೂ ಬೇರೆ.

ಒಂದು ವಿಷಯದಲ್ಲಿ ಮಾತ್ರ ಪೆನ್ನೂ ಬೇಡ, ಕಾಯೋದೂ ಬೇಡ. ತುಟಿ, ನಾಲಿಗೆ ಊದಿಕೊಂಡರೆ, ಉಸಿರು ಕಟ್ಟಿದರೆ, ಗಂಟಲು ಬಿಗಿದು ದನಿ ಬದಲಾದರೆ, ದದ್ದಿನ ಜೊತೆ ತಲೆ ಸುತ್ತಿ ಬಿದ್ದರೆ, ಡಬ್ಬಿ ಹುಡುಕುತ್ತಾ ಕೂರಬೇಡಿ. ಆಗ ಜೀವ ಉಳಿಸೋದು ಅಡ್ರಿನಲಿನ್ ಇಂಜೆಕ್ಷನ್. ಅಲರ್ಜಿ ಮಾತ್ರೆ ಆ ಕೆಲಸ ಮಾಡಲ್ಲ. 108ಕ್ಕೆ ಫೋನ್ ಮಾಡಿ. ಹತ್ತಿರದ ಆಸ್ಪತ್ರೆಗೆ ಹೊರಡಿ. ಜೇನುಹುಳ ಕಚ್ಚಿದಾಗ, ಹೊಸ ಮಾತ್ರೆ ನುಂಗಿದಾಗ, ಕಡಲೆಕಾಯಿ, ಸೀಗಡಿಯಂಥದ್ದು ತಿಂದಾಗ ಹೀಗೆ ಆಗುವವರಿದ್ದಾರೆ.

ಇನ್ನು ಅಪ್ಪನ ವಿಷಯ. ಇದನ್ನು ಹೇಳುವಾಗ ನನಗೆ ಈಗಲೂ ಸಂಕಟ ಆಗುತ್ತದೆ.

ಅಪ್ಪನಿಗೆ ಎರಡು ವರ್ಷದಿಂದ ಕುತ್ತಿಗೆ, ಕಣ್ಣಿನ ರೆಪ್ಪೆ, ಮೊಣಕೈ ಮಡಿಕೆಯಲ್ಲಿ ತುರಿಕೆ. ಚರ್ಮ ಕಪ್ಪಾಗಿ, ದಪ್ಪವಾಗಿ, ಎತ್ತಿನ ಹೆಗಲಿನ ಹಾಗೆ ಆಗಿತ್ತು. ಸಂತೆಗೆ ಹೋದಾಗಲೆಲ್ಲ ಹತ್ತು ಸೆಟಿರಿಜಿನ್ ತರುತ್ತಿದ್ದರು. ದಿನಾ ಒಂದು. ಕೇಳಿದರೆ "ರಾತ್ರಿ ವಸಿ ನಿದ್ದೆ ಬತ್ತದೆ ಕಣವ್ವ, ಸಾಕು" ಅನ್ನುತ್ತಿದ್ದರು. ನಾನೂ ಸುಮ್ನೆ ಇದ್ದೆ.

ಅವರನ್ನೂ ಅದೇ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಅವರು ಕುತ್ತಿಗೆ ನೋಡಿ ಕೇಳಿದ ಮೊದಲ ಪ್ರಶ್ನೆ, "ಯಜಮಾನ್ರೇ, ಗದ್ದೆ ಬದುವಿನಲ್ಲಿ ಕಾಂಗ್ರೆಸ್ ಗಿಡ ಇದೆಯಾ?" ಇಲ್ಲದೇ ಇರುತ್ತಾ? ನಾಲೆ ಏರಿ ಮೇಲೆ ಸೊಂಟದೆತ್ತರ ಬೆಳೆದಿದೆ. ಪಾರ್ಥೇನಿಯಂ ಅದರ ಹೆಸರು. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದದ್ದು ಈಗ ದೇಶವೆಲ್ಲ ಇದೆ. ಅದರಿಂದ ಬರುವ ಚರ್ಮದ ಅಲರ್ಜಿಯ ದಾರಿಯೇ ಬೇರೆ. ತಾಗಿದ ಒಂದೆರಡು ದಿನಕ್ಕೆ ನಿಧಾನವಾಗಿ ಏಳುತ್ತದೆ. ಅದರಲ್ಲಿ ಹಿಸ್ಟಮಿನ್ ಪಾತ್ರ ಕಡಿಮೆ. ಎಷ್ಟು ಟವೆಲ್ ಹಾಕಿದರೆ ಏನು, ಬಂದ ಬಸ್ಸೇ ಬೇರೆ. ಬೆನ್ನಿಗೆ ಪಟ್ಟಿ ಅಂಟಿಸಿ 48 ಗಂಟೆ ಬಿಟ್ಟು ನೋಡುವ ಪ್ಯಾಚ್ ಟೆಸ್ಟ್ ಮಾಡಿದರು. ಕಾಂಗ್ರೆಸ್ ಗಿಡದ ಜಾಗ ಕೆಂಪಗೆ ಉಬ್ಬಿತ್ತು. ಮುಲಾಮು ಕೊಟ್ಟರು, ಇಷ್ಟೇ ದಿನ ಹಚ್ಚಿ ಅಂತ ದಿನಾಂಕ ಬರೆದು ಕೊಟ್ಟರು.

ಹುಳುಕಡ್ಡಿಯ ಕಥೆಯೂ ಹೀಗೇ. ಅದು ಬೂಷ್ಟಿನಿಂದ ಬರುವಂಥದ್ದು. ಅಲರ್ಜಿ ಮಾತ್ರೆ ತುರಿಕೆ ತಗ್ಗಿಸಬಹುದು, ಹುಳುಕಡ್ಡಿ ಹರಡುತ್ತಲೇ ಇರುತ್ತದೆ. ಮೆಡಿಕಲ್‌ನಲ್ಲಿ ಕೇಳಿ ತರುವ ಸ್ಟೀರಾಯ್ಡ್ ಬೆರೆತ ಕ್ರೀಮು ಹಚ್ಚಿದರಂತೂ ಇನ್ನೂ ಜಾಸ್ತಿ.

ಬಹಳ ದಿನ ಸೆಟಿರಿಜಿನ್ ನುಂಗಿದವರು ದಿಢೀರ್ ಬಿಟ್ಟರೆ ಕೆಲವರಿಗೆ ಜೋರು ತುರಿಕೆ ಬರಬಹುದು ಅಂತ 2025ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿದೆ. ಹಾಗಾಗಿ ಅಪ್ಪನಿಗೂ ಡಾಕ್ಟರು ಹೇಳಿದ ಹಾಗೆ ಮೆಲ್ಲಗೆ ಕಡಿಮೆ ಮಾಡಿಸಿದೆವು.

ಈಗ ಅಪ್ಪ ತುಂಬು ತೋಳಿನ ಅಂಗಿ ಹಾಕಿಕೊಳ್ಳುತ್ತಾರೆ. ಆ ಗಿಡ ಮುಟ್ಟುವುದಿಲ್ಲ. ಅದರಲ್ಲಿ ಹೂ ಬಿಡುವ ಮುಂಚೆ ನನ್ನ ತಮ್ಮ ಗ್ಲೌಸ್ ಹಾಕಿಕೊಂಡು ಕೀಳುತ್ತಾನೆ. ಗದ್ದೆಯಿಂದ ಬಂದ ತಕ್ಷಣ ಅಪ್ಪನಿಗೆ ಸ್ನಾನ, ಬೇರೆ ಬಟ್ಟೆ. ಕುತ್ತಿಗೆಯ ಚರ್ಮ ಮೆತ್ತಗಾಗಿದೆ.

ಕೊನೆಯ ಈ ಕ್ಲಿಪ್ ತಮ್ಮ ಕಳಿಸಿದ್ದು. ಕಾಂಗ್ರೆಸ್ ಎಲೆ ಮೇಲೆ ಪುಟ್ಟ ಜೀರುಂಡೆ, ಬಿಳಿ ಬೆನ್ನಿಗೆ ಕಂದು ಪಟ್ಟೆ. ಈ ಗಿಡ ತಿನ್ನಲಿ ಅಂತಲೇ ಮೆಕ್ಸಿಕೊದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಜಾತಿ. ಮಳೆಗಾಲ ಬಂದರೆ ಏಳುತ್ತದೆ. ಎಲೆ ಆಗಲೇ ಅರ್ಧ ಜಾಲರಿ ಆಗಿದೆ. ಹಿಂದೆ ಅಪ್ಪನ ದನಿ ಕೇಳಿ: "ದೂರದಿಂದ್ಲೇ ನೋಡ್ತಿವ್ನಿ ಕಣವ್ವ. ಹುಳ ಬಂದವೆ, ತಿನ್ಲಿ ಬುಡು."