ಕಾರಿನ ಒಂದೇ ಸಾಕೆಟ್‌ಗೆ ನಾಲ್ಕು ಉಪಕರಣ: ಫ್ಯೂಸ್ ಹೋಗದಿದ್ದರೂ ಪ್ಲಗ್ ಯಾಕೆ ಕರಗಿತು?

[ಹತ್ತಿರದ ದೃಶ್ಯ: ಮೇಜಿನ ಮೇಲೆ ತುದಿ ಕರಗಿದ ಸ್ಪ್ಲಿಟರ್]

ಈ ಪ್ಲಗ್‌ನ ತುದಿ ನೋಡಿ. ಪ್ಲಾಸ್ಟಿಕ್ ಮೆತ್ತಗಾಗಿ ಒಂದು ಪಕ್ಕಕ್ಕೆ ವಾಲಿದೆ. ಇದು ನಮ್ಮ ಕಾರಿನದೇ.

ಮೈಸೂರಿನಿಂದ ಬೆಂಗಳೂರಿಗೆ ಹೊರಟಿದ್ದೆವು. ಕಾರಿನ ಸಿಗರೇಟ್ ಲೈಟರ್ ಸಾಕೆಟ್‌ಗೆ ಮೂರು ಬಾಯಿಯ ಸ್ಪ್ಲಿಟರ್ ಹಾಕಿದ್ದೆ. ಒಂದರಲ್ಲಿ ಡ್ಯಾಶ್‌ಕ್ಯಾಮ್, ಒಂದರಲ್ಲಿ ಎರಡು ಫೋನ್, ಇನ್ನೊಂದರಲ್ಲಿ ಅಮ್ಮನ ಇನ್ಸುಲಿನ್ ಇಡುವ ಪುಟ್ಟ ಫ್ರಿಜ್. ಶ್ರೀರಂಗಪಟ್ಟಣ ದಾಟಿ ಮಂಡ್ಯ ಬೈಪಾಸ್ ಬರುವಷ್ಟರಲ್ಲಿ ಸುಟ್ಟ ವಾಸನೆ. ಪ್ಲಗ್ ಮುಟ್ಟಿದರೆ ಕೈ ಚುರುಕ್ ಎಂದಿತು. ಗಾಡಿ ಪಕ್ಕಕ್ಕೆ ಹಾಕಿ ಎಲ್ಲ ಕಿತ್ತೆ. ಆಶ್ಚರ್ಯ ಏನೆಂದರೆ, ಫ್ಯೂಸ್ ಹೋಗಿರಲೇ ಇಲ್ಲ!

[ದೃಶ್ಯ: ಕಾಗದದ ಮೇಲೆ ಲೆಕ್ಕ]

ಮನೆಗೆ ಬಂದು ಲೆಕ್ಕ ಹಾಕಿದೆ. ಡ್ಯಾಶ್‌ಕ್ಯಾಮ್ 5 ವ್ಯಾಟ್. ಎರಡು ಫೋನಿಗೆ 50. ಫ್ರಿಜ್‌ಗೆ 50. ಒಟ್ಟು 105 ವ್ಯಾಟ್. ಅದನ್ನು 12 ವೋಲ್ಟ್‌ನಿಂದ ಭಾಗಿಸಿದರೆ ಹೆಚ್ಚುಕಮ್ಮಿ 9 ಆಂಪಿಯರ್. ನಮ್ಮ ಕಾರಿನ ಸಾಕೆಟ್‌ಗೆ ಇರುವುದು 15 ಆಂಪಿಯರ್ ಫ್ಯೂಸ್. ಅಂದರೆ ಲೆಕ್ಕ ಸರಿಯಾಗಿಯೇ ಇತ್ತು. ಆದರೂ ಕರಗಿತು.

ಮೊದಲು ಈ ಆಂಪಿಯರ್ ವಿಷಯ ನೋಡೋಣ. ನೂರು ವ್ಯಾಟ್ ಎಂದರೆ ಮನೆಯಲ್ಲಿ ಏನೂ ಅಲ್ಲ ಅಲ್ವಾ? 230 ವೋಲ್ಟ್‌ನಲ್ಲಿ ಅದಕ್ಕೆ ಅರ್ಧ ಆಂಪಿಯರ್ ಕೂಡ ಬೇಡ. ಕಾರಿನಲ್ಲಿ ಇರುವುದು ಬರೀ 12 ವೋಲ್ಟ್. ವೋಲ್ಟ್ ಕಡಿಮೆಯಾದಷ್ಟೂ ಕರೆಂಟ್ ಜಾಸ್ತಿ ಹರಿಯಬೇಕು, ವೈರ್ ಜಾಸ್ತಿ ಬಿಸಿಯಾಗುತ್ತದೆ. ನಮ್ಮ ಮಂಡ್ಯ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದಾಗ ಸಾವಿರಾರು ವೋಲ್ಟ್‌ಗೆ ಏರಿಸಿ ಕಳಿಸಿದ್ದು ಇದೇ ಕಾರಣಕ್ಕೆ. ಕಾರಿನಲ್ಲಿ ನಮಗೆ ಆ ಅನುಕೂಲ ಇಲ್ಲ.

[ದೃಶ್ಯ: ಕೆ.ಆರ್.ಎಸ್. ಅಣೆಕಟ್ಟಿನ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ, ಒಂದು ತೂಬು]

ಸ್ಪ್ಲಿಟರ್ ಬಗ್ಗೆ ಹೇಳಬೇಕೆಂದರೆ ಈ ನಾಲೆಯೇ ಸಾಕು. ತೂಬು ಹೆಚ್ಚಿಸಿದರೆ ಕೆ.ಆರ್.ಎಸ್.ನಿಂದ ಬರುವ ನೀರು ಹೆಚ್ಚುವುದಿಲ್ಲ. ಮೂರು ಬಾಯಿ ಇರಲಿ, ಆರು ಇರಲಿ, ಹಿಂದೆ ಇರುವುದು ಅದೇ ಒಂದು ವೈರ್. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ನಾಲೆಯಲ್ಲಿ ಮೇಲಿನವರು ಜಾಸ್ತಿ ಎಳೆದುಕೊಂಡರೆ ಕೊನೆ ಭಾಗದ ರೈತರಿಗೆ ನೀರು ಸಿಗುವುದಿಲ್ಲ, ಕೊರತೆ ಕಣ್ಣಿಗೆ ಕಾಣುತ್ತದೆ. ವೈರ್ ಹಾಗಲ್ಲ. ಕೇಳಿದವರಿಗೆಲ್ಲ ಕೊಡುತ್ತಲೇ ಹೋಗುತ್ತದೆ, ಒಳಗೊಳಗೇ ಬಿಸಿಯಾಗುತ್ತದೆ. ಅದನ್ನು ತಡೆಯಲು ಇರುವುದೇ ಫ್ಯೂಸ್.

ಫ್ಯೂಸ್ ಕಾಪಾಡುವುದು ವೈರನ್ನು. ಪ್ಲಗ್ ಮತ್ತು ಸಾಕೆಟ್ ಸೇರುವ ಜಾಗವನ್ನಲ್ಲ. ನನಗೆ ಗೊತ್ತಿಲ್ಲದೆ ಇದ್ದದ್ದು ಇದು.

[ಹತ್ತಿರದ ದೃಶ್ಯ: ಪ್ಲಗ್ ತುದಿಯ ಸ್ಪ್ರಿಂಗ್ ಒತ್ತುವ ಬೆರಳು]

ಈ ಸಾಕೆಟ್ ಹುಟ್ಟಿದ್ದು ಸಿಗರೇಟ್ ಹಚ್ಚುವುದಕ್ಕೆ. ಕೆಲವು ಸೆಕೆಂಡ್ ಕೆಲಸ, ಅಷ್ಟೇ. ಗಂಟೆಗಟ್ಟಲೆ ಕರೆಂಟ್ ಕೊಡಲಿ ಎಂದು ಯಾರೂ ಯೋಚಿಸಿರಲಿಲ್ಲ. ತುದಿಯಲ್ಲಿ ಒಂದು ಸ್ಪ್ರಿಂಗ್, ಪಕ್ಕದಲ್ಲಿ ಎರಡು ತಗಡಿನ ಕಿವಿ, ಅವುಗಳ ಒತ್ತಡದ ಮೇಲೆಯೇ ಎಲ್ಲ ನಿಂತಿದೆ. ಗಾಡಿ ಕುಲುಕಿದಾಗ ಪ್ಲಗ್ ಸ್ವಲ್ಪ ಹೊರಗೆ ಜಾರುತ್ತದೆ. ಧೂಳು ಸೇರುತ್ತದೆ. ಹಿಡಿತ ಸಡಿಲವಾಗುತ್ತದೆ. ಆ ಜಾಗದಲ್ಲಿ ಒಂದು ಓಮ್‌ನ ಹತ್ತನೇ ಒಂದು ಭಾಗ ತಡೆ (ರೆಸಿಸ್ಟೆನ್ಸ್) ಬಂದರೂ, 9 ಆಂಪಿಯರ್ ಹರಿದಾಗ ಸುಮಾರು 8 ವ್ಯಾಟ್ ಶಾಖ ಹುಟ್ಟುತ್ತದೆ. ಯುಎಸ್‌ಬಿಯಲ್ಲಿ ಓಡುವ ಪುಟ್ಟ ಸೋಲ್ಡರಿಂಗ್ ಕಡ್ಡಿಗಳಲ್ಲಿ 8 ವ್ಯಾಟಿನವೂ ಇವೆ. ಅಂಥದ್ದೊಂದನ್ನು ಪ್ಲಗ್ ಒಳಗೆ ಇಟ್ಟಂತಾಯಿತು! ಫ್ಯೂಸ್‌ಗೆ ಕಾಣುವುದು ಅದೇ 9 ಆಂಪಿಯರ್. ಅದು ಸುಮ್ನೆ ಕೂತಿರುತ್ತದೆ.

ಕರೆಂಟ್ ಅರ್ಧ ಮಾಡಿದರೆ ಈ ಶಾಖ ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಹೊರೆ ಹಂಚುವುದೇ ದಾರಿ.

[ದೃಶ್ಯ: ಫ್ಯೂಸ್ ಡಬ್ಬಿ ತೆರೆಯುವುದು]

ನಿಮ್ಮ ಸಾಕೆಟ್‌ನ ಮುಚ್ಚಳ ನೋಡಿ. ಹಲವು ಕಾರುಗಳಲ್ಲಿ ಅಲ್ಲೇ 120 ವ್ಯಾಟ್ ಅಥವಾ 180 ವ್ಯಾಟ್ ಎಂದು ಬರೆದಿರುತ್ತದೆ. ಇಲ್ಲದಿದ್ದರೆ ಕಾರಿನ ಕೈಪಿಡಿಯಲ್ಲಿ ಸಿಗುತ್ತದೆ. ಫ್ಯೂಸ್‌ನ ಬಣ್ಣವೂ ಹೇಳುತ್ತದೆ: ಕೆಂಪು 10 ಆಂಪಿಯರ್, ನೀಲಿ 15, ಹಳದಿ 20. ಸ್ಪ್ಲಿಟರ್ ಡಬ್ಬಿಯ ಮೇಲಿನ ದೊಡ್ಡ ಸಂಖ್ಯೆಯನ್ನು ನಂಬಿ ಕೂರಬೇಡಿ, ಅದು ಸ್ಪ್ಲಿಟರ್‌ನ ಶಕ್ತಿ, ನಿಮ್ಮ ಕಾರಿನದಲ್ಲ. ಮುಂದೆ ಹಿಂದೆ ಎರಡು ಸಾಕೆಟ್ ಇದ್ದರೂ ಕೆಲವು ಕಾರುಗಳಲ್ಲಿ ಎರಡಕ್ಕೂ ಒಂದೇ ಫ್ಯೂಸ್. ಒಂದು ಸಲ ಫ್ಯೂಸ್ ಕಿತ್ತು ನೋಡಿದರೆ ಗೊತ್ತಾಗುತ್ತದೆ. ಗಂಟೆಗಟ್ಟಲೆ ಓಡುವ ಉಪಕರಣಗಳಾದರೆ ಒಟ್ಟು ಕರೆಂಟನ್ನು ಫ್ಯೂಸ್‌ನ ಆಂಪಿಯರ್‌ನ ಮುಕ್ಕಾಲು ಭಾಗಕ್ಕೇ ನಿಲ್ಲಿಸಿ.

ಫ್ಯೂಸ್ ಪದೇ ಪದೇ ಹೋಗುತ್ತಿದೆ ಎಂದು ದಯವಿಟ್ಟು ದೊಡ್ಡದನ್ನು ಹಾಕಬೇಡಿ. ತಂತಿ ಸುತ್ತುವುದಂತೂ ಬೇಡವೇ ಬೇಡ. ಆಗ ಫ್ಯೂಸ್ ಬದಲು ಡ್ಯಾಶ್‌ಬೋರ್ಡ್ ಒಳಗಿನ ವೈರ್ ಉರಿಯುತ್ತದೆ. ಒಳಗೆ ಮನೆಮಂದಿ ಕೂತಿರುತ್ತಾರೆ.

ಟೈರಿಗೆ ಗಾಳಿ ತುಂಬುವ ಪಂಪ್ ಒಂದೇ 10 ಆಂಪಿಯರ್‌ವರೆಗೆ ಎಳೆಯಬಹುದು. ಅದನ್ನು ಸ್ಪ್ಲಿಟರ್‌ಗೆ ಹಾಕಲೇಬಾರದು. ನೇರ ಸಾಕೆಟ್‌ಗೆ, ಒಂದನ್ನೇ, ಎಂಜಿನ್ ಚಾಲೂ ಇಟ್ಟು, ಬಯಲಿನಲ್ಲಿ. ಕಾರಿನ 12 ವೋಲ್ಟನ್ನು ಮನೆಯ 230 ವೋಲ್ಟ್ ಮಾಡುವ 300 ವ್ಯಾಟಿನ ಇನ್ವರ್ಟರ್ ಪೂರ್ತಿ ಓಡಿದರೆ 25 ಆಂಪಿಯರ್‌ಗೂ ಮೇಲೆ ಬೇಕು. ಅದು ಸಾಕೆಟ್‌ನ ಕೆಲಸವೇ ಅಲ್ಲ. ಬ್ಯಾಟರಿಯಿಂದ ನೇರವಾಗಿ ದಪ್ಪ ವೈರ್, ಬ್ಯಾಟರಿ ಹತ್ತಿರವೇ ಬೇರೆ ಫ್ಯೂಸ್, ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ.

ಗಾಡಿ ನಿಲ್ಲಿಸಿದಾಗಲೂ ಒಂದು ಮಾತು ನೆನಪಿರಲಿ. ಕೆಲವು ಸಾಕೆಟ್‌ಗಳಿಗೆ ಕೀ ತೆಗೆದರೂ ಕರೆಂಟ್ ಬರುತ್ತಿರುತ್ತದೆ. ಸಣ್ಣ ಕಾರಿನ ಬ್ಯಾಟರಿ ಸುಮಾರು 35 ಆಂಪಿಯರ್ ಗಂಟೆಯದು. 50 ವ್ಯಾಟಿನ ಫ್ರಿಜ್ ಬಿಡದೆ ಓಡಿದರೆ ನಾಲ್ಕು ಗಂಟೆಯಲ್ಲಿ ಅರ್ಧ ಖಾಲಿ. ಚಾಮುಂಡಿ ಬೆಟ್ಟದಲ್ಲಿ ದರ್ಶನದ ಸಾಲು ಉದ್ದ ಇದ್ದ ದಿನ, ವಾಪಸ್ ಬಂದಾಗ ಗಾಡಿ ಸ್ಟಾರ್ಟ್ ಆಗದೇ ಹೋಗಬಹುದು.

[ದೃಶ್ಯ: ನಮ್ಮ ಕಾರಿನ ಒಳಗೆ, ಈಗಿನ ಜೋಡಣೆ]

ಈಗ ನಮ್ಮ ಕಾರಿನಲ್ಲಿ ಡ್ಯಾಶ್‌ಕ್ಯಾಮ್‌ಗೆ ಫ್ಯೂಸ್ ಡಬ್ಬಿಯಿಂದಲೇ ಬೇರೆ ದಾರಿ ಮಾಡಿಸಿದ್ದೇನೆ, ಅದಕ್ಕೆ ತನ್ನದೇ ಸಣ್ಣ ಫ್ಯೂಸ್ ಇದೆ. ಫೋನುಗಳು ಕಾರಿನ ಯುಎಸ್‌ಬಿಯಲ್ಲಿ. ಸಾಕೆಟ್ ಅಮ್ಮನ ಫ್ರಿಜ್‌ಗೆ ಮಾತ್ರ, ನಡುವೆ ಸ್ಪ್ಲಿಟರ್ ಇಲ್ಲ. ಹೊರಟು ಹದಿನೈದು ನಿಮಿಷಕ್ಕೆ ಪಕ್ಕದಲ್ಲಿ ಕೂತವರು ಪ್ಲಗ್ ಮುಟ್ಟಿ ನೋಡುತ್ತಾರೆ. ಬೆಚ್ಚಗಿದ್ದರೆ ಪರವಾಗಿಲ್ಲ. ಬೆರಳು ಇಡಲಾಗದಷ್ಟು ಬಿಸಿಯಿದ್ದರೆ ಗಾಡಿ ನಿಲ್ಲಿಸಿ ಕಿತ್ತುಬಿಡುತ್ತೇವೆ.