ಆರಾಧನೆಯಲ್ಲಿ ಮೊದಲು ಕೇಳುವುದು

ಸಹೃದಯರೇ,

ಕಾಸರಗೋಡಿನಲ್ಲಿ ‘ಆರಾಧನೆ’ ಎಂದರೆ ಯಾವ ಆರಾಧನೆ ಎಂದು ಮರುಪ್ರಶ್ನೆ ಬರುತ್ತದೆ. ರಾಯರ ಆರಾಧನೆ ಇದೆ, ದೈವಾರಾಧನೆ ಇದೆ. ಕ್ರೈಸ್ತರಲ್ಲೇ ಪ್ರೊಟೆಸ್ಟೆಂಟರಿಗೆ ಅದು ಭಾನುವಾರದ ಇಡೀ ಕೂಟ. ಕಥೋಲಿಕರಿಗೆ ಹೆಚ್ಚಾಗಿ ಪರಮಪ್ರಸಾದದ, ಎಂದರೆ ಪೂಜೆಯಲ್ಲಿ ಅರ್ಪಿಸಿದ ಪವಿತ್ರ ರೊಟ್ಟಿಯ ಮುಂದೆ ಮೊಣಕಾಲೂರಿ ಮಾಡುವ ಪ್ರಾರ್ಥನೆ. ಭಾನುವಾರದ್ದನ್ನು ಅವರು ಕನ್ನಡದಲ್ಲಿ ಬಲಿಪೂಜೆ, ಕೊಂಕಣಿಯಲ್ಲಿ ಮೀಸ್ ಎನ್ನುತ್ತಾರೆ.

ಬೈಬಲಿನ ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಇದಕ್ಕೆ ಮುಖ್ಯವಾಗಿ ಎರಡು ಪದ. ‘ಪ್ರೊಸ್ಕುನೆಯೊ’ ಎಂದರೆ ಅಡ್ಡಬೀಳುವುದು; ‘ಲತ್ರೆಯಾ’ ಎಂದರೆ ಸೇವೆ, ಊಳಿಗ. 787ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪರ ಮಹಾಸಭೆ ಲತ್ರೆಯಾ ದೇವರೊಬ್ಬನಿಗೇ ಎಂದಿತು, ಪ್ರತಿಮೆಗಳಿಗೆ ಸಲ್ಲುವುದು ಗೌರವ ಮಾತ್ರ. ಬೇಳದ ಇಗರ್ಜಿಯಲ್ಲಿ ಶೋಕಮಾತೆ ಮೇರಿಯ ಮುಂದೆ ಮೇಣದಬತ್ತಿ ಹಚ್ಚುವುದು ಈ ಗೌರವ. ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ ಪೌಲನು ಲತ್ರೆಯಾ ಎನ್ನುವುದು ನಮ್ಮ ದೇಹವನ್ನೇ ಜೀವಂತ ಬಲಿಯಾಗಿ ಒಪ್ಪಿಸುವುದಕ್ಕೆ. ಅಲ್ಲಿಗೆ ಆರಾಧನೆ ಗದ್ದೆಗೂ ಅಂಗಡಿಗೂ ಬಂತು.

ಇನ್ನು ಕ್ರಮ. ಸುಮಾರು ಕ್ರಿ.ಶ. 155ರಲ್ಲಿ ಕ್ರೈಸ್ತ ಲೇಖಕ, ಹುತಾತ್ಮ ಜಸ್ಟಿನ್ ಬರೆದಿಟ್ಟದ್ದು ಹೀಗೆ: ಮೊದಲು ವಾಚನ, ಪ್ರಬೋಧನೆ, ಆಮೇಲೆ ಪ್ರಾರ್ಥನೆ, ರೊಟ್ಟಿ, ನೀರು ಬೆರೆಸಿದ ದ್ರಾಕ್ಷಾರಸ, ಕಾಣಿಕೆ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿದ್ದವರಿಗೆ. ಇಂದಿನ ಬಲಿಪೂಜೆಯ ಬೆನ್ನೆಲುಬೂ ಇದೇ. ಕನ್ನಡದ ‘ಕೇಳು’ ಎಂಬ ಒಂದೇ ಕ್ರಿಯಾಪದಕ್ಕೆ ಆಲಿಸುವುದು, ಬೇಡುವುದು ಎರಡೂ ಅರ್ಥ ಇದೆಯಲ್ಲ, ಈ ಕ್ರಮದಲ್ಲಿ ಆಲಿಸುವ ಕೇಳುವಿಕೆ ಮೊದಲು. ದೇವರನ್ನು ಒಲಿಸಿಕೊಳ್ಳುವ ಉಪಾಯವಲ್ಲ ಇದು; ಆತ ಮೊದಲೇ ಆಡಿದ ಮಾತಿಗೆ ಓಗೊಡುವುದು.

ಎಡವುವುದೂ ಇಲ್ಲೇ. ವಾಚನದ ಪುಟ ಓದುವವನ ಕೈಗೆ ಗಂಟೆ ಬಾರಿಸಿದ ಮೇಲೆ ಸಿಗುತ್ತದೆ. ಹಿಂದಿನ ದಿನವೇ ಎರಡು ಸಲ ಗಟ್ಟಿಯಾಗಿ ಓದಿ, ಹೆಸರುಗಳ ಉಚ್ಚಾರ ಸರಿಮಾಡಿಕೊಳ್ಳಬೇಕು. ಓದಿ ಮುಗಿದ ಮೇಲೆ ಸ್ವಲ್ಪ ಹೊತ್ತು ಮೌನವಿರಬೇಕು. ಗಾಯಕವೃಂದ ವಾರಕ್ಕೊಂದು ಹೊಸ ರಾಗ ತಂದರೆ ಜನ ಬಾಯಿ ಮುಚ್ಚಿ ಪ್ರೇಕ್ಷಕರಾಗುತ್ತಾರೆ. ಮೈಕು ಚೆನ್ನಾಗಿದ್ದಷ್ಟೂ ಈ ರೋಗ ಜಾಸ್ತಿ.

ಅರ್ಪಣೆಯ ವಸ್ತುಗಳಲ್ಲಿ ಕಥೋಲಿಕರ ನಿಯಮ ಬಿಗಿ. ಓಸ್ತಿ, ಅಂದರೆ ಪೂಜೆಯ ತೆಳು ರೊಟ್ಟಿ, ಹುಳಿಯಿಲ್ಲದ ಬರೀ ಗೋಧಿಯದ್ದು. ದ್ರಾಕ್ಷಾರಸ ಕೆಡದ್ದು, ಅದಕ್ಕೆ ತುಸುವೇ ನೀರು. ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ, ಅಂದರೆ ಮೇರಿಮಾತೆಯ ಜನ್ಮದಿನದಂದು, ಹೊಸ ಭತ್ತದ ತೆನೆ ಆಶೀರ್ವದಿಸಿ ಮನೆಗೆ ಒಯ್ಯುತ್ತೇವೆ, ಆದರೆ ಅಕ್ಕಿಹಿಟ್ಟಿನ ರೊಟ್ಟಿ ಬಲಿಪೀಠಕ್ಕೆ ಸಲ್ಲದು. ಗೋಧಿಯ ಅಂಟು (ಗ್ಲುಟೆನ್) ಒಗ್ಗದವರಿಗೆ ಅದು ತೀರಾ ಕಡಿಮೆಯಿರುವ ಓಸ್ತಿ ಉಂಟು, ಅದೂ ಆಗದಿದ್ದರೆ ರಸ ಮಾತ್ರ ಸ್ವೀಕರಿಸಬಹುದು. ಹಲವು ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಹುದುಗದ ದ್ರಾಕ್ಷಿರಸವೇ ರೂಢಿ.

ಇದಕ್ಕಿಂತ ಬಿಗಿಯಾದ ನಿಯಮ ಮತ್ತಾಯನ ಸುವಾರ್ತೆ 5ನೇ ಅಧ್ಯಾಯದ್ದು: ಸಹೋದರನಿಗೆ ನಿನ್ನ ಮೇಲೆ ಮನಸ್ತಾಪವಿದ್ದರೆ ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟುಹೋಗಿ ಮೊದಲು ರಾಜಿಯಾಗು. ಪರಮಪ್ರಸಾದಕ್ಕೆ ಮುಂಚೆ ಶಾಂತಿ ಹಂಚಿಕೊಳ್ಳುವಾಗ ನೆನಪಾಗಬೇಕಾದದ್ದು ಇದು. ಬೇಲಿಯ ತಗಾದೆಯವನು ಎಡಬದಿಯ ಬೆಂಚಿನಲ್ಲಿದ್ದರೆ ನಾವು ಬಲಬದಿಗೆ ತಿರುಗಿ ಕೈಮುಗಿಯುತ್ತೇವೆ.

ಮೀಸ್ ಎಂಬ ಪದ ಪೋರ್ಚುಗೀಸಿನ ‘ಮಿಸ್ಸಾ’ದಿಂದ ಬಂದದ್ದು. ಅದರ ಮೂಲ ಪೂಜೆಯ ಕೊನೆಗೆ ಜನರನ್ನು ಕಳಿಸಿಕೊಡುವ ಲ್ಯಾಟಿನ್ ಮಾತು; ಹೋಗಿರಿ ಎಂಬ ಆ ಮಾತೇ ಇಡೀ ಪೂಜೆಯ ಹೆಸರಾಯಿತು. ಪರಮಪ್ರಸಾದ ಸ್ವೀಕರಿಸಿದೊಡನೆ ಬೈಕಿನ ಕೀ ತಡಕುವವರು ಅದು ಕಿವಿಗೆ ಬೀಳುವ ಮೊದಲೇ ಗೇಟು ದಾಟಿರುತ್ತಾರೆ.