ಮೈಕ್ ಆಮೇಲೆ, ಮೊದಲು ಹಾಸಿಗೆ

ನಮಸ್ಕಾರ. ಇವತ್ತು ಸ್ವಲ್ಪ ಜಗಳದ ವಿಷಯ.

ಕಡಿಮೆ ಖರ್ಚಿನಲ್ಲಿ ಮನೆಯಲ್ಲೇ ಸ್ಟುಡಿಯೋ ಮಾಡುವುದು ಹೇಗೆ ಅಂತ ಹುಡುಕಿ ನೋಡಿ. ಹೆಚ್ಚುಕಮ್ಮಿ ಎಲ್ಲರದ್ದೂ ಒಂದೇ ಪಾಠ. ಸ್ಟುಡಿಯೋಗಳಲ್ಲಿ ಬಳಸುವ, ಸಣ್ಣ ಶಬ್ದವನ್ನೂ ಹಿಡಿಯುವ ಕಂಡೆನ್ಸರ್ ಮೈಕ್ ಒಂದು ತೆಗೆದುಕೊಳ್ಳಿ, ಗೋಡೆಗೆ ಫೋಮ್ ಅಂಟಿಸಿ, ಆಯ್ತು. ನಾನೂ ಹಾಗೇ ಮಾಡಿದೆ. ದುಡ್ಡು ಕಳೆದುಕೊಂಡೆ. ಹಾಗಾಗಿ ಹೇಳುತ್ತಿದ್ದೇನೆ: ನಮ್ಮ ಕಾಸರಗೋಡಿನ ಮನೆಗಳಿಗೆ ಈ ಪಾಠ ಆಗುವುದಿಲ್ಲ.

ನಮ್ಮ ಮನೆ ಬದಿಯಡ್ಕದ ಹತ್ತಿರ. ಮಹಡಿಯಲ್ಲಿ ಹತ್ತಡಿಗೆ ಹತ್ತಡಿಯ ಒಂದು ಕೋಣೆ ಖಾಲಿ ಇತ್ತು. ಕೆಳಗೆ ಟೈಲ್ಸ್, ಸುತ್ತ ಫೋಮ್ ಅಂಟಿಸಿದ ಗೋಡೆ, ಮೇಲೆ ತಾರಸಿ, ತಾರಸಿಯ ಮೇಲೆ ಶೀಟು. ಅಲ್ಲಿ ಮೈಕ್ ಇಟ್ಟೆ. ಪಕ್ಕದ ಮನೆಯಲ್ಲಿರುವ ಯಕ್ಷಗಾನದ ಭಾಗವತರನ್ನು ಕರೆದು, ಎರಡು ಪದ, ಅಂದರೆ ಯಕ್ಷಗಾನದ ಹಾಡು, ಹೇಳಿ ಅಂದೆ. ಹೇಳಿದರು. ಹೆಡ್‌ಫೋನ್ ಹಾಕಿಕೊಂಡು ಕೇಳಿದರು. ತೆಗೆದು ಕೆಳಗಿಟ್ಟು, "ಇದೆಂತ ಮಾರಾಯ, ನಾನು ಬಾವಿಯೊಳಗೆ ಕೂತು ಹೇಳಿದ್ದಾ?" ಅಂತ ಕೇಳಿದರು.

ಬಾವಿಯೇ. ಹಿಂದೆ ಜೀರುಂಡೆ ಇತ್ತು, ಕೆಳಗಿನಿಂದ ಕುಕ್ಕರ್ ಸೀಟಿ ಇತ್ತು, ಭಾಗವತರ ಸ್ವರ ಎಲ್ಲೋ ನಡುವೆ ಇತ್ತು.

ಈಗ ನೀವು ಹೇಳಬಹುದು, ಕಂಡೆನ್ಸರ್ ಎಲ್ಲವನ್ನೂ ಎಳೆಯುತ್ತದೆ, ಸ್ಟೇಜಿನಲ್ಲಿ ಕೈಯಲ್ಲಿ ಹಿಡಿಯುವಂಥ ಡೈನಮಿಕ್ ಮೈಕ್ ತೆಗೆದುಕೊಳ್ಳಬೇಕಿತ್ತು ಅಂತ. ಅರ್ಧ ಸರಿ. ಡೈನಮಿಕ್ ಮೈಕಿಗೇನೂ ಮಂತ್ರ ಗೊತ್ತಿಲ್ಲ. ಎರಡೂ ಮುಂದಿನಿಂದ ಬರುವ ಶಬ್ದವನ್ನೇ ಹೆಚ್ಚು ಕೇಳುವ ನಮೂನೆಯವು, ಎರಡನ್ನೂ ಬಾಯಿಯಿಂದ ಒಂದೇ ದೂರದಲ್ಲಿ ಇಟ್ಟಿರಿ ಅಂತಾದರೆ ಕೋಣೆಯ ಗದ್ದಲ ಎರಡರಲ್ಲೂ ಹೆಚ್ಚುಕಮ್ಮಿ ಅಷ್ಟೇ ಬರುತ್ತದೆ. ವ್ಯತ್ಯಾಸ ಎಲ್ಲಿ ಅಂದರೆ, ಕಂಡೆನ್ಸರ್ ಕಂಡವರು ಗೌರವದಿಂದ ಒಂದಡಿ ದೂರ ನಿಲ್ಲುತ್ತಾರೆ. ಸ್ಟೇಜ್ ಮೈಕ್ ಕಂಡರೆ ಬಾಯಿಯನ್ನೇ ತಾಗಿಸುತ್ತಾರೆ. ಬಾಯಿಗೂ ಮೈಕಿಗೂ ನಡುವಿನ ದೂರ ಅರ್ಧ ಆದರೆ ಸ್ವರ ಸುಮಾರು 6 ಡೆಸಿಬಲ್ ಏರುತ್ತದೆ. ಕೋಣೆಯ ಮಾರ್ದನಿ ಇದ್ದ ಹಾಗೇ ಇರುತ್ತದೆ. ಪುಕ್ಕಟೆ ಸಿಗುವ ಉಪಾಯ ಇದು. ಹತ್ತಿರ ಹೋಗಿ, ಅಷ್ಟೇ. ತೀರಾ ಹತ್ತಿರ ಹೋದರೆ ಸ್ವರ ಗುಮ್ಮೆನ್ನುತ್ತದೆ, ನಾಲ್ಕು ಬೆರಳಿನಷ್ಟು ಜಾಗ ಬಿಡಿ.

ಆದರೂ ಈ ಊರಿಗೆ ನನ್ನ ವೋಟು ಡೈನಮಿಕ್ಕಿಗೇ. ಕಾರಣ ಬೇರೆ. ಇಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಮಳೆಗಾಲದ ಆಟಿ ತಿಂಗಳಲ್ಲಿ ಕಪಾಟಿನ ಬಟ್ಟೆಗೇ ಬೂಸು ಹಿಡಿಯುತ್ತದೆ. ಕಂಡೆನ್ಸರಿನ ಒಳಗಿನ ತೆಳು ಪೊರೆಗೆ ತೇವ ತಾಗಿದರೆ ಚಟಪಟ ಶುರು. ಡೈನಮಿಕ್ ಹಾಗಲ್ಲ, ಗಟ್ಟಿ ಪಿಂಡ. ಶೂರ್ ಕಂಪನಿಯ ಡೈನಮಿಕ್ ಮೈಕ್ ಎಸ್‌ಎಂ58 ಬಂದದ್ದು 1966ರಲ್ಲಿ. ಇವತ್ತಿಗೂ ಅದನ್ನೇ ಸ್ಟೇಜಿನಲ್ಲಿ ಹಿಡಿದು ಹಾಡುತ್ತಾರೆ. ಕಂಡೆನ್ಸರಿಗೆ ಕೇಬಲ್ಲಿನಲ್ಲೇ ಕೊಡುವ 48 ವೋಲ್ಟ್ ಕರೆಂಟು, ಅಂದರೆ ಫ್ಯಾಂಟಮ್ ಪವರ್, ಅದಕ್ಕೆ ಬೇಡ. ಅದರ ನಕಲಿ ಮಾಲು ತುಂಬಾ ಉಂಟು, ಅರ್ಧ ರೇಟಿಗೆ ಸಿಕ್ಕಿದರೆ ಖುಷಿಪಡಬೇಡಿ. ನಾನು ಭಜನಾ ಮಂದಿರದ ಹಳೇ ಮೈಕ್ ಒಂದನ್ನು ಕೇಳಿ ತಂದೆ. ಸಣ್ಣ ಸ್ವರದಲ್ಲಿ ಕವಿತೆ ಓದುವವರಿಗೆ ಅಂಥ ಮೈಕಿಗೆ ಗೇನ್, ಅಂದರೆ ಸ್ವರವನ್ನು ಏರಿಸುವ ಮಟ್ಟ, ಜಾಸ್ತಿ ಬೇಕಾಗುತ್ತದೆ; ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ (ಇಂಟರ್‌ಫೇಸ್) ಅಗ್ಗದ್ದಾದರೆ ಸುಯ್ ಅನ್ನುತ್ತದೆ. ಭಾಗವತರಿಗೆ ಆ ತೊಂದರೆ ಇಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರು, ಮೈಕ್ ಇಲ್ಲದ ಕಾಲದ ಗಂಟಲು.

ತೊಂದರೆ ಜಾಗಟೆಯದ್ದು. ಜಾಗಟೆ ಕೈಯಲ್ಲಿ ಇಲ್ಲದೆ ಅವರಿಗೆ ಪದ ಬರುವುದಿಲ್ಲ. ಸುಮ್ನೆ ತೊಡೆ ತಟ್ಟಿ ಹೇಳಿ ಅಂದೆ, ತಾಳ ಇದ್ದರೂ ಜೀವ ಇರಲಿಲ್ಲ. ಕೊನೆಗೆ ಮೈಕನ್ನು ಕೆಳಗಿನಿಂದ ಬಾಯಿಯ ಕಡೆಗೆ ಓರೆಯಾಗಿ ಮುಖ ಮಾಡಿಸಿದೆ. ಮುಂದಿನಿಂದ ಕೇಳುವ ಈ ನಮೂನೆಯ ಮೈಕಿಗೆ, ಅಂದರೆ ಕಾರ್ಡಿಯಾಯ್ಡಿಗೆ, ಬೆನ್ನ ಹಿಂದೆ ಕಿವಿ ಕಡಿಮೆ. ಬೆನ್ನು ಜಾಗಟೆಯ ಕಡೆಗೆ ಬಂತು. ಜಾಗಟೆ ಪೂರ್ತಿ ಹೋಗಲಿಲ್ಲ, ಹೋಗಬಾರದು ಕೂಡ. ಹಿಂದೆ ಸರಿಯಿತು.

ಇನ್ನು ಫೋಮ್. ನನಗೆ ನಿಜಕ್ಕೂ ಸಿಟ್ಟು ಬರುವುದು ಇದರ ಮೇಲೆ. ಒಂದಿಂಚಿನ ಫೋಮ್ ಮೇಲಿನ ಕೀಚಲು ಸ್ವರವನ್ನಷ್ಟೇ ತಿನ್ನುತ್ತದೆ. ತಗ್ಗಿನ ಸ್ವರ, ಅಂದರೆ 100 ಹರ್ಟ್ಜ್‌ನ ಒಂದು ಅಲೆ ಸುಮಾರು 3.4 ಮೀಟರ್ ಉದ್ದ, ಹನ್ನೊಂದಡಿ. ಅದಕ್ಕೆ ಒಂದಿಂಚು ಯಾವ ಲೆಕ್ಕ? ಹೊರಗಿನ ಶಬ್ದವನ್ನಂತೂ ಫೋಮ್ ತಡೆಯುವುದೇ ಇಲ್ಲ, ಅದಕ್ಕೆ ಭಾರ ಬೇಕು. ಮೊಟ್ಟೆ ಟ್ರೇ ಅಂಟಿಸುವವರಿಗೆ ಕೈಮುಗಿದೆ. ಹತ್ತಿಯ ಹಾಸಿಗೆ ಇಲ್ವಾ ಮನೆಯಲ್ಲಿ? ನೆಂಟರು ಬಂದಾಗ ಹಾಸುವ ದಪ್ಪದ್ದು. ಅದನ್ನು ಹಾಡುವವರ ಬೆನ್ನ ಹಿಂದೆ ನಿಲ್ಲಿಸಿ, ಗೋಡೆಗೆ ಅಂಟಿಸದೆ ಒಂದು ಗೇಣು ಬಿಟ್ಟು. ಎಲ್ಲರೂ ಮೈಕಿನ ಹಿಂದೆ ಕಟ್ಟುತ್ತಾರೆ. ಮೈಕ್ ನೋಡುತ್ತಿರುವುದು ಹಾಡುವವರ ಕಡೆಗೆ, ಅವರ ಹಿಂದಿನ ಗೋಡೆಯ ಕಡೆಗೆ, ಅಲ್ವಾ?

ರೆಕಾರ್ಡಿಂಗ್ ಸಾಫ್ಟ್‌ವೇರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಡಾಸಿಟಿ ಪುಕ್ಕಟೆ, ರೀಪರ್ 60 ದಿನ ಬಳಸಿ ನೋಡಬಹುದು. ಸೆಟ್ಟಿಂಗಿನಲ್ಲಿ 24 ಬಿಟ್ ಇಡಿ. ಗೇನ್ ಇಡುವಾಗ ಭಾಗವತರ ಹತ್ತಿರ ಅತಿ ಏರಿನ ಪದವನ್ನೇ ಮೊದಲು ಹೇಳಿಸಿ. ಆಗಲೂ ಸಾಫ್ಟ್‌ವೇರಿನ ಮೀಟರಿನ ಮುಳ್ಳು ಮೈನಸ್ 6 ಡೆಸಿಬಲ್ ದಾಟದಿದ್ದರೆ ಸಾಕು. ಗುಂಯ್ ಅಂತ ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ಕಳಚಿ ನೋಡಿ.

ಈಗ ಮಳೆ. ಯಕ್ಷಗಾನ ಮೇಳದವರಿಗೆ ಬಿಡುವು ಸಿಗುವುದು ತಿರುಗಾಟ ಮುಗಿಯುವ ಪತ್ತನಾಜೆ ದಿನ ಕಳೆದ ಮೇಲೆ, ಮೇ ಕೊನೆಗೆ. ಶೀಟಿನ ಮೇಲೆ ಮಳೆ ಬಡಿಯಲು ಶುರುವಾಗುವುದೂ ಹೆಚ್ಚುಕಮ್ಮಿ ಆಗಲೇ. ಫ್ಯಾನಿನ ಶಬ್ದವಾದರೆ ಒಂದೇ ಸಮ ಇರುತ್ತದೆ, ನಾಯ್ಸ್ ರಿಡಕ್ಷನ್ ಹಾಕಿ ತೆಗೆಯಬಹುದು. ಮಳೆ ಹಾಗಲ್ಲ, ಬಾರಿಸುತ್ತಾ ಲಯ ಬದಲಿಸುತ್ತದೆ. ಅದನ್ನು ತೆಗೆಯಲು ಹೋದರೆ ಹಾಡುವವರ ಸ್ವರವೂ ನೀರೊಳಗಿನಿಂದ ಬಂದ ಹಾಗಾಗುತ್ತದೆ.

ಹೀಗೆ ಒದ್ದಾಡುವಾಗ ಒಂದು ದಿನ ಕೆಳಗಿನ ಅಡಿಕೆ ಕೋಣೆಗೆ ಹೋಗಿ ಚಪ್ಪಾಳೆ ತಟ್ಟಿದೆ. ಹಳೇ ಮನೆಯ ಭಾಗ ಅದು. ಮರದ ಮುಚ್ಚಿಗೆ, ಅದರ ಮೇಲೆ ಅಟ್ಟ, ಮತ್ತೆ ಹಂಚು. ಮೂರು ಗೋಡೆಗೂ ಅಡಿಕೆ ಗೋಣಿ ಪೇರಿಸಿಟ್ಟಿತ್ತು. ಚಪ್ಪಾಳೆ ಅಲ್ಲೇ ಸತ್ತುಹೋಯಿತು. ಬಾಲವೇ ಇಲ್ಲ. ಮಳೆಯೂ ಎಲ್ಲೋ ದೂರದಲ್ಲಿ ಸುರಿದ ಹಾಗೆ. ಭಾಗವತರನ್ನು ಅಲ್ಲೇ ಗೋಣಿಗಳ ನಡುವೆ ಕೂರಿಸಿದೆ. ಕೇಳಿ ನೋಡಿ, "ಈಗ ಮನುಷ್ಯನ ಸ್ವರ ಆಯ್ತು" ಅಂದರು. ಮೂರು ಪದ ಅಲ್ಲೇ ಆಯಿತು.

ಚೆಂಡೆ ಬಾಕಿ ಉಂಟು. ಚೆಂಡೆಗೆ ಹತ್ತಿರ ಹೋಗುವ ಉಪಾಯ ನಡೆಯುವುದಿಲ್ಲ, ಮೂರು ನಾಲ್ಕಡಿ ದೂರವಾದರೂ ಬೇಕು. ಅಷ್ಟು ದೂರ ಇಡುವುದಾದರೆ ಕೋಣೆ ಒಳ್ಳೆಯದಿರಬೇಕು, ಅಂದರೆ ಗೋಣಿಗಳು ಅಲ್ಲೇ ಇರಬೇಕು. ಅಪ್ಪ ದಿನಾ ಬೆಳಗ್ಗೆ ಪೇಪರಿನಲ್ಲಿ ಅಡಿಕೆ ರೇಟು ನೋಡುತ್ತಾರೆ. ಈಗ ನಾನೂ ನೋಡುತ್ತೇನೆ. ಅವರಿಗೆ ರೇಟು ಏರಬೇಕು. ನನಗೆ ಇನ್ನು ಎರಡು ವಾರ ಏರಬಾರದು. ಅದನ್ನು ಅವರ ಹತ್ತಿರ ಹೇಳಿಲ್ಲ.